ಸ್ಟಾಕ್‌ಹೋಮಿನಲ್ಲಿ ಒಂದು ದಿನ: ಗೈಡಮ್ಮನಿಗೆ ಮೊದಲು ಮಂಡಿ ವಿಷಯ ಹೇಳಿ

ಮಗಳು ಸ್ವೀಡನ್ನಿನಲ್ಲಿ, ಸ್ಟಾಕ್‌ಹೋಮಿನ ಪಕ್ಕದ ಸೋಲ್ನಾದಲ್ಲಿರುವುದರಿಂದ ಎರಡು ಸಲ ಸ್ಟಾಕ್‌ಹೋಮಿಗೆ ಹೋಗಿಬಂದಿದ್ದೇನೆ. ಮೊದಲ ಸಲ ನಾನೂ ನಮ್ಮೆಜಮಾನರೂ ಫೋನು ಹಿಡಿದುಕೊಂಡು ಒಂದೇ ದಿನ ಒಂಬತ್ತು ಜಾಗ ಸುತ್ತಿದೆವು. ಮೈಸೂರಿಗೆ ಬಂದು ಫೋಟೋ ನೋಡಿದರೆ ಯಾವ ಕಟ್ಟಡ ಯಾವುದು ಅಂತ ಇಬ್ಬರಿಗೂ ಜಗಳ. ಎರಡನೇ ಸಲ ಗೈಡ್ ಇಟ್ಟುಕೊಂಡು ಪಟ್ಟಿ ಹಾಕಿ ನೋಡಿದ್ದು ಮೂರೇ ಮೂರು ಜಾಗ. ಅದೊಂದೂ ಮರೆತಿಲ್ಲ. ಮಕ್ಕಳ ಮನೆಗೆಂದು ಹೊರಟಿರುವ ನನ್ನ ವಯಸ್ಸಿನವರು ಕೇಳುತ್ತಲೇ ಇರುತ್ತಾರೆ, ಅದಕ್ಕೆ ಬರೆದಿಡುತ್ತಿದ್ದೇನೆ.

ಅಲ್ಲಿ ತರಬೇತಿ ಪಡೆದು ಪರೀಕ್ಷೆ ಪಾಸು ಮಾಡಿದ ಅಧಿಕೃತ ಗೈಡ್‌ಗಳಿದ್ದಾರೆ, ಅವರನ್ನೇ ಹುಡುಕಿ. ತಲೆಗಿಷ್ಟು ಅಂತಲ್ಲ, ಗುಂಪಿಗೆ ಗಂಟೆಗಿಷ್ಟು ಅಂತ ತೆಗೆದುಕೊಳ್ಳುವವರೇ ಹೆಚ್ಚು. ಹಾಗಾಗಿ ಮಗಳ ಆಫೀಸಿನವರ ಅಪ್ಪ-ಅಮ್ಮ ಯಾರಾದರೂ ಬಂದಿದ್ದರೆ ಸೇರಿಸಿಕೊಳ್ಳಿ, ಖರ್ಚು ಅರ್ಧವಾಗುತ್ತದೆ. ಮುಂಚೆಯೇ ಮೇಲ್ ಬರೆದು ಮೂರು ವಿಷಯ ನಾಚಿಕೆಯಿಲ್ಲದೆ ಹೇಳಿಬಿಡಿ: ಮಂಡಿ ಎಷ್ಟು ನೋಯುತ್ತದೆ, ಮೀನು ಮೊಟ್ಟೆಯೂ ತಿನ್ನುವುದಿಲ್ಲ, ಒಂದೂವರೆ ಗಂಟೆಗೊಮ್ಮೆ ಬಾತ್‌ರೂಮಿಗೆ ಹೋಗಬೇಕು. ನಮ್ಮ ಗೈಡಮ್ಮ ಈ ಮೂರರ ಮೇಲೇ ಇಡೀ ದಿನದ ದಾರಿ ಹಾಕಿದ್ದರು.

ಹತ್ತು ಗಂಟೆ ಎಂದರೆ ಹತ್ತು ಗಂಟೆ. ನಾವು ಒಂಬತ್ತು ನಿಮಿಷ ತಡವಾಗಿ ಹೋದಾಗ ಆಕೆ ತುಂತುರು ಮಳೆಯಲ್ಲಿ ನಿಂತಿದ್ದರು. ಒಂದು ಮಾತೂ ಆಡಲಿಲ್ಲ. ಮೊದಲ ಕತೆಯನ್ನು ಮಾತ್ರ ಸರಿಯಾಗಿ ಒಂಬತ್ತು ನಿಮಿಷ ಮೊಟಕು ಮಾಡಿದರು!

ಬೆಳಿಗ್ಗೆ ಗಾಮ್ಲಾ ಸ್ತಾನ್, ಅಂದರೆ ಹಳೇ ಊರು. ನೆಲವೆಲ್ಲ ಗುಂಡುಕಲ್ಲು, ಚಪ್ಪಲಿಯಲ್ಲಿ ಹೋದರೆ ಕಾಲು ಉಳುಕುತ್ತದೆ. ನಾನು ಸೀರೆಯ ಕೆಳಗೆ ಅಳಿಯ ಕೊಡಿಸಿದ ವಾಕಿಂಗ್ ಶೂ ಹಾಕಿದ್ದೆ, ಯಾರೂ ನಗಲಿಲ್ಲ. ದೊಡ್ಡ ಚೌಕದಲ್ಲಿ 1520ರ ನವೆಂಬರಿನಲ್ಲಿ ಡೆನ್ಮಾರ್ಕಿನ ದೊರೆ ಎಂಬತ್ತಕ್ಕೂ ಹೆಚ್ಚು ಜನರ ತಲೆ ತೆಗೆಸಿದ್ದನಂತೆ. ಈಗ ಅಲ್ಲಿ ಕಾಫಿ ಕುಡಿಯುತ್ತಾರೆ. ಅತಿ ಕಿರಿದಾದ ಓಣಿ ಒಂದಿದೆ, ಒಂದು ಕಡೆ 90 ಸೆಂಟಿಮೀಟರ್ ಅಗಲ ಅಷ್ಟೆ. 36 ಮೆಟ್ಟಿಲು ಇರುವುದರಿಂದ ನಮಗೆ ಕೆಳಗಿನಿಂದಲೇ ತೋರಿಸಿದರು. ಅರಮನೆಯ ಹತ್ತಿರ ಫಿನ್ನಿಶ್ ಚರ್ಚಿನ ಹಿಂದೆ ಮಾತ್ರ ಕೇಳಿ ಹೋಗಿ. ಅಲ್ಲಿ ಮಂಡಿ ತಬ್ಬಿಕೊಂಡು ಚಂದ್ರನನ್ನು ನೋಡುತ್ತಾ ಕೂತ ಕಬ್ಬಿಣದ ಪುಟ್ಟ ಹುಡುಗನಿದ್ದಾನೆ, ಎತ್ತರ 15 ಸೆಂಟಿಮೀಟರ್. ಬಂದವರೆಲ್ಲ ಸವರಿ ಸವರಿ ತಲೆ ಮಿರಮಿರ ಮಿಂಚುತ್ತದೆ. ನಾವು ಹೋದಾಗ ಯಾರೋ ಕಿತ್ತಳೆ ಬಣ್ಣದ ಉಲ್ಲನ್ ಟೋಪಿ ಹೆಣೆದು ಹಾಕಿದ್ದರು, ಕೂಸಿಗೆ ಹಾಕುವ ಕುಲಾವಿಯ ಹಾಗೆ.

ಊಟ ಹನ್ನೊಂದೂವರೆಗೇ ಮುಗಿಸಿ. ವಾರದ ದಿನಗಳಲ್ಲಿ ಹೋಟೆಲುಗಳಲ್ಲಿ ‘ದಾಗೆನ್ಸ್ ಲುಂಚ್’, ಅಂದರೆ ದಿನದ ಊಟ ಅಂತ ಇರುತ್ತದೆ, ಸಾಮಾನ್ಯವಾಗಿ ಬ್ರೆಡ್ಡು, ಸಲಾಡು, ಕಾಫಿ ಎಲ್ಲ ಅದರಲ್ಲೇ. ರಾತ್ರಿ ಊಟಕ್ಕಿಂತ ಎಷ್ಟೋ ಅಗ್ಗ. ನೀರಿಗೆ ದುಡ್ಡು ಕೊಡಬೇಡಿ, ನಲ್ಲಿ ನೀರೇ ಚೆನ್ನಾಗಿದೆ. ನೋಟು ಬದಲಾಯಿಸಿಕೊಂಡು ಹೋಗುವುದೂ ದಂಡ, ಎಲ್ಲ ಕಡೆ ಕಾರ್ಡೇ. ಸಂಜೆಯ ಫೀಕಾಕ್ಕೆ, ಅಂದರೆ ಅವರ ಕಾಫಿ-ತಿಂಡಿ ಹೊತ್ತಿಗೆ, ಬನ್ನು ಬಾಯಿಗಿಟ್ಟರೆ ಘಮ್ಮನೆ ನಮ್ಮ ಏಲಕ್ಕಿ! ಆದರೆ ಬನ್ನಿನ ಮೇಲೆ ಮೊಟ್ಟೆ ಸವರಿರುತ್ತಾರೆ, ತಿನ್ನದವರು ಕೇಳಿ ತೆಗೆದುಕೊಳ್ಳಿ.

ಹಳೇ ಊರಿನ ಪಕ್ಕದ ಸ್ಲುಸ್ಸೆನ್‌ನಿಂದ, ವಾಸಾ ಮ್ಯೂಸಿಯಂ ಇರುವ ಯೂರ್‌ಗಾರ್ಡೆನ್ ದ್ವೀಪಕ್ಕೆ ದೋಣಿಯಲ್ಲಿ ಹೋಗಿ. ಟೂರಿಸ್ಟ್ ದೋಣಿ ಬೇಡ, ಮೆಟ್ರೋ ಟಿಕೆಟ್ಟೇ ನಡೆಯುವ ಮಾಮೂಲಿ ಫೆರಿ ಇದೆ. ಹತ್ತೇ ನಿಮಿಷ, ಊರೆಲ್ಲ ನೀರಿನ ಮೇಲಿಂದ ಕಾಣುತ್ತದೆ.

ವಾಸಾ ಮ್ಯೂಸಿಯಮ್ಮಿಗೆ ಎರಡು ಗಂಟೆ ಎತ್ತಿಡಿ. 1628ರ ಆಗಸ್ಟ್ 10ರಂದು ಮೊದಲ ಸಲ ಹೊರಟ ‘ವಾಸಾ’ ಎಂಬ ಯುದ್ಧದ ಹಡಗು ಸುಮಾರು 1300 ಮೀಟರ್ ಹೋಗಿ ಬಂದರಿನಲ್ಲೇ ಮುಳುಗಿತು. 1961ರಲ್ಲಿ ಮೇಲೆತ್ತಿದಾಗ ಹೆಚ್ಚುಕಡಿಮೆ ಇಡೀ ಹಡಗೇ ಸಿಕ್ಕಿತು. ಅಲ್ಲಿಯ ಸಮುದ್ರದಲ್ಲಿ ಉಪ್ಪು ಕಡಿಮೆ, ಮರ ಕೊರೆಯುವ ಹುಳ ಬದುಕುವುದಿಲ್ಲ. ಇಷ್ಟು ಬೋರ್ಡಿನಲ್ಲೂ ಇದೆ. ಗೈಡನ್ನು ಕೇಳಬೇಕಾದ್ದು ‘ತಪ್ಪು ಯಾರದ್ದು’ ಅಂತ. ಹೊರಡುವ ಮುಂಚೆ ಮೂವತ್ತು ಜನರನ್ನು ಡೆಕ್ಕಿನ ಮೇಲೆ ಈ ಬದಿಯಿಂದ ಆ ಬದಿಗೆ ಓಡಿಸಿ ಪರೀಕ್ಷೆ ಮಾಡಿದ್ದರಂತೆ. ಮೂರನೇ ಓಟಕ್ಕೇ ಹಡಗು ಹೊಯ್ದಾಡಿ, ಸಾಕು ನಿಲ್ಲಿಸಿ ಎಂದರಂತೆ. ಆದರೂ ಹೊರಟಿತು. ಕಟ್ಟಿದವರು ಬಳಸಿ ಒಳಗೇ ಉಳಿದುಹೋಗಿದ್ದ ಅಳತೆ ಕೋಲುಗಳಲ್ಲಿ ಸ್ವೀಡನ್ನಿನ ಅಡಿಗೆ 12 ಇಂಚು, ಆಮ್‌ಸ್ಟರ್‌ಡ್ಯಾಮಿನ ಅಡಿಗೆ 11! ವಿಚಾರಣೆ ನಡೆಯಿತು, ಯಾರಿಗೂ ಶಿಕ್ಷೆಯಾಗಲಿಲ್ಲ. ಇಂಜಿನಿಯರಾಗಿ ನಿವೃತ್ತರಾದ ನಮ್ಮೆಜಮಾನರು ಇದನ್ನು ಕೇಳಿ ಬಹಳ ಹೊತ್ತು ತಮ್ಮಷ್ಟಕ್ಕೆ ತಾವೇ ನಗುತ್ತಿದ್ದರು. ಒಳಗೆ ಮಬ್ಬುಗತ್ತಲೆ, ತಣ್ಣಗಿರುತ್ತದೆ, ಸ್ವೆಟರ್ ಬಿಚ್ಚಬೇಡಿ.

ಮಧ್ಯಾಹ್ನದ ಮೇಲೆ ಸಿಟಿ ಹಾಲ್. ಒಳಗೆ ಅವರದೇ ಟೂರಿನಲ್ಲಿ ಮಾತ್ರ ಬಿಡುತ್ತಾರೆ, ಸಮಾರಂಭವಿದ್ದರೆ ಮುಚ್ಚಿರುತ್ತದೆ, ವೇಳೆ ಮೊದಲೇ ನೋಡಿಕೊಳ್ಳಿ. ನೊಬೆಲ್ ಭೋಜನ ನಡೆಯುವ ನೀಲಿ ಸಭಾಂಗಣ ನೀಲಿಯೇ ಅಲ್ಲ, ಕೆಂಪು ಇಟ್ಟಿಗೆ. ಕಟ್ಟಿದ ಮೇಲೆ ಇಟ್ಟಿಗೆಯ ಚೆಂದ ನೋಡಿ ವಾಸ್ತುಶಿಲ್ಪಿ ಬಣ್ಣ ಬೇಡವೆಂದರು, ಹೆಸರು ಹಾಗೇ ಉಳಿಯಿತು. ಆ ದೊಡ್ಡ ಮೆಟ್ಟಿಲನ್ನು ಅವರು ತಮ್ಮ ಹೆಂಡತಿಗೆ ಉದ್ದನೆಯ ಗೌನು ತೊಡಿಸಿ ಹತ್ತಿಸಿ ಇಳಿಸಿ ನೋಡಿಯೇ ಕಟ್ಟಿಸಿದರು ಅಂತ ಕತೆ ಹೇಳುತ್ತಾರೆ. ನಿಜವೋ ಸುಳ್ಳೋ, ನೆರಿಗೆ ಎತ್ತಿ ಹಿಡಿಯದೆ, ಕಂಬಿ ಹಿಡಿಯದೆ ನಾನು ಇಳಿದ ಒಂದೇ ಮೆಟ್ಟಿಲು ಅದು. ಗೋಪುರಕ್ಕೆ ನಾವು ಕೈ ಮುಗಿದೆವು.

ಕೊನೆಗೆ ಒಂದು ಗಂಟೆ ಖಾಲಿ ಬಿಟ್ಟು, ಪಟ್ಟಿಯಲ್ಲಿಲ್ಲದ ನಿಮ್ಮದೇ ಜಾಗ ಒಂದನ್ನು ಕೇಳಿ. ನಮ್ಮೆಜಮಾನರು ‘ಸಿ.ವಿ. ರಾಮನ್ ನೊಬೆಲ್ ತೆಗೆದುಕೊಂಡದ್ದು ಎಲ್ಲಿ?’ ಎಂದರು. 1930ರಲ್ಲಿ ಅಂತ ಇವರೇ ಹೇಳಿದ್ದೂ ಆಯಿತು. ಗೈಡಮ್ಮ ತಕ್ಷಣ ಹ್ಯೋತೋರ್ಯೆತ್ ಚೌಕಕ್ಕೆ ಕರೆದುಕೊಂಡು ಹೋದರು: ನೀಲಿ ಬಣ್ಣದ ಕನ್ಸರ್ಟ್ ಹಾಲ್, ಅದರ ಮುಂದೆಯೇ ಹಣ್ಣಿನ ಸಂತೆ. ಇವರು ಮೆಟ್ಟಿಲ ಮೇಲೆ ಕೂತು ಕಂಬಗಳನ್ನು ನೋಡುತ್ತಿದ್ದರು. ನಾನು ಒಂದು ಡಬ್ಬಿ ಸ್ಟ್ರಾಬೆರಿಗೆ ಚೌಕಾಸಿ ಮಾಡಿದೆ. ಐದು ಕ್ರೋನ ಬಿಟ್ಟ.