ಅಂತರುಷ್ಣಕ ಕ್ರಿಯೆಯನ್ನು ಅಂಗೈಗೆ ತಾಗಿಸಿ ಕಲಿಸುವ ಬಗೆ

"ಶಾಖ ಹೀರಿಕೊಂಡರೆ ಬಿಸಿಯಾಗಬೇಕಲ್ಲವೇ ಮೇಡಂ, ತಣ್ಣಗೇಕೆ ಆಗುತ್ತದೆ?" ಹತ್ತನೇ ತರಗತಿಯಲ್ಲಿ ಅಂತರುಷ್ಣಕ ಕ್ರಿಯೆಯ, ಅಂದರೆ ಶಾಖ ಹೀರಿಕೊಳ್ಳುವ ಕ್ರಿಯೆಯ ಪಾಠಕ್ಕೆ ಬಂದಾಗ ಈ ಪ್ರಶ್ನೆ ಏಳಲೇಬೇಕು. ಏಳದಿದ್ದರೆ ಮಕ್ಕಳು ವ್ಯಾಖ್ಯೆಯನ್ನು ಬಾಯಿಪಾಠ ಮಾಡಿದ್ದಾರೆಂದೇ ನನ್ನ ಲೆಕ್ಕ.

ಇದಕ್ಕೆ ಪುಸ್ತಕದ ಪ್ರಯೋಗದಲ್ಲಿರುವ ಬೇರಿಯಂ ಹೈಡ್ರಾಕ್ಸೈಡ್ ವಿಷಕಾರಿ. ನಮ್ಮ ಸಿಂಧನೂರು ಕಡೆ ಭತ್ತದ ಮನೆಗಳಲ್ಲಿ ಯೂರಿಯಾಕ್ಕೆ ಬರವಿಲ್ಲ, ಅದನ್ನೇ ತರಿಸಿ. ಸ್ಟೀಲ್ ಲೋಟಕ್ಕೆ 200 ಮಿಲಿಲೀಟರ್ ನೀರು ಹಾಕಿ, ಯೂರಿಯಾದ ಪಕ್ಕದಲ್ಲೇ ಅರ್ಧ ಗಂಟೆ ಇಡಿ. ಎರಡರ ತಾಪವೂ ಒಂದೇ ಆಗಬೇಕು. ಪ್ರಯೋಗಾಲಯದ ಥರ್ಮಾಮೀಟರ್ ಬಳಸಿ. ಜ್ವರ ನೋಡುವುದು 35 ಡಿಗ್ರಿಗಿಂತ ಕೆಳಗಿನದನ್ನು ತೋರಿಸುವುದಿಲ್ಲ. ಈಗ 50 ಗ್ರಾಂ ಯೂರಿಯಾ ಸುರಿದು ಕಡ್ಡಿಯಿಂದ ಬೇಗ ಬೇಗ ಕಲಕಿ. ಪಾದರಸ 10 ಡಿಗ್ರಿ ಆಸುಪಾಸು ಇಳಿಯುತ್ತದೆ. ಲೋಟವನ್ನು ಕೂಡಲೇ ಕೈಯಿಂದ ಕೈಗೆ ದಾಟಿಸಿ. ನಮ್ಮ ಸೆಕೆಯಲ್ಲಿ ಅದು ಬಹಳ ಹೊತ್ತು ತಣ್ಣಗಿರದು.

ಆ ಪ್ರಶ್ನೆಗೆ ಉತ್ತರ ಹೇಳುವ ಹೊತ್ತು ಇದು. ಹರಳಿನಲ್ಲಿ ಯೂರಿಯಾದ ಅಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುತ್ತವೆ. ಆ ಹಿಡಿತ ಬಿಡಿಸಲು ತಗಲುವ ಶಕ್ತಿ, ಅವು ನೀರಿನೊಂದಿಗೆ ಬೆರೆಯುವಾಗ ಸಿಗುವ ಶಕ್ತಿಗಿಂತ ಹೆಚ್ಚು. ಕೊರತೆಯನ್ನು ನೀರು ತುಂಬಬೇಕು, ಲೋಟ ತುಂಬಬೇಕು, ಲೋಟ ಹಿಡಿದ ಅಂಗೈಯೂ ತುಂಬಬೇಕು. ಥರ್ಮಾಮೀಟರ್ ತೋರಿಸುವುದು ಹೀಗೆ ಕಳೆದುಕೊಂಡವರ ಲೆಕ್ಕವನ್ನು. ಇದನ್ನು ನಿಧಾನವಾಗಿ, ಎರಡು ಸಲ ಹೇಳಿ.

ಕರಗುವುದು ಹೊಸ ವಸ್ತು ಹುಟ್ಟುವ ಕ್ರಿಯೆಯಲ್ಲ. ಆದ್ದರಿಂದ ನಿಂಬೆ ಉಪ್ಪಿನ (ಸಿಟ್ರಿಕ್ ಆಮ್ಲದ) ನೀರಿಗೆ ಅಡುಗೆ ಸೋಡಾ ಹಾಕಿಯೂ ತೋರಿಸಿ. ಕಾರ್ಬನ್ ಡೈಆಕ್ಸೈಡ್ ನೊರೆಯುಕ್ಕಿ ಬರುತ್ತದೆ, ಮಕ್ಕಳು ಕುದಿಯುತ್ತಿದೆ ಎಂದುಕೊಳ್ಳುತ್ತಾರೆ. ಮುಟ್ಟಿದರೆ ತಣ್ಣಗೆ! ಅವರ ಮುಖ ನೋಡುವುದೇ ನನಗೆ ಹಬ್ಬ.

ತಣ್ಣಗಾಗುವುದೊಂದೇ ಗುರುತಲ್ಲ ಎಂಬುದನ್ನೂ ಮರೆಯದೆ ಹೇಳಿ. ಸುಣ್ಣದ ಭಟ್ಟಿ ಧಗಧಗಿಸುತ್ತದೆ, ಆದರೂ ಸುಣ್ಣದ ಕಲ್ಲು ಕಾದು ಸುಟ್ಟ ಸುಣ್ಣವಾಗಿ ಒಡೆಯುವುದು ಅಂತರುಷ್ಣಕ ಕ್ರಿಯೆಯೇ; 100 ಗ್ರಾಂ ಶುದ್ಧ ಕಲ್ಲಿಗೆ ಸುಮಾರು 178 ಕಿಲೋಜೂಲ್ ಬೇಕು. ಬೆಂಕಿ ನಿಂತರೆ ಕ್ರಿಯೆಯೂ ನಿಲ್ಲುತ್ತದೆ. ಸುಟ್ಟ ಸುಣ್ಣಕ್ಕೆ ನೀರು ಬಿದ್ದಾಗ ಬುಸುಗುಡುವುದು ಇದಕ್ಕೆ ವಿರುದ್ಧ ಬಗೆಯ, ಶಾಖ ಹೊರಬಿಡುವ ಬಹಿರುಷ್ಣಕ ಕ್ರಿಯೆ. ಅದನ್ನು ತರಗತಿಯಲ್ಲಿ ಮಕ್ಕಳ ಕೈಗೆ ಕೊಡಬೇಡಿ, ಕಣ್ಣಿಗೆ ಸಿಡಿದರೆ ಅಪಾಯ.

ಉಳಿದ ಯೂರಿಯಾ ನೀರು ದನಕರುಗಳಿಗೆ ವಿಷ. ತೊಟ್ಟಿಯ ಹತ್ತಿರ ಚೆಲ್ಲದೆ, ದೊಡ್ಡ ಬಕೆಟ್ ತುಂಬ ನೀರಿಗೆ ಬೆರೆಸಿ ಶಾಲೆಯ ಗಿಡಗಳ ಬುಡಕ್ಕೆ ಹಾಕಿಸಿ.