ಬೇಸ್ ಕ್ಯಾಂಪಿನಲ್ಲಿ ಮುದ್ದೆ

ಲಡಾಖಿನ ಕಾಂಗ್ ಯಾತ್ಸೆ-2 ಶಿಖರದ ಬೇಸ್ ಕ್ಯಾಂಪಿಗೆ ರಾಗಿಹಿಟ್ಟು ಒಯ್ಯುತ್ತೇನೆ ಎಂದಾಗ ಮಧುಗಿರಿ ಬೆಟ್ಟ ಹತ್ತುವ ನಮ್ಮ ಗುಂಪು ವಾರಗಟ್ಟಲೆ ನಕ್ಕಿತ್ತು. “ಅಲ್ಲಿ ಅನ್ನವೇ ಬೇಯುವುದಿಲ್ಲ, ಮುದ್ದೆ ಎಲ್ಲಿ ಬೇಯುತ್ತದಪ್ಪಾ?” ಎಂದಿದ್ದ ಹಿರಿಯರೇ ಈಗ ಅಳತೆ ಕೇಳುತ್ತಿದ್ದಾರೆ.

ಅದಕ್ಕೆ ಮೊದಲು ಎರಡು ಸಲ ಸೋತು ಬಂದಿದ್ದೆ. ಮೊದಲ ಸಲ ಮಧ್ಯಾಹ್ನ ಕ್ಯಾಂಪ್ ತಲುಪಿದವನೇ ಹುರುಪಿನಲ್ಲಿ ಕಲ್ಲು ಹೊತ್ತು ಟೆಂಟಿನ ಸುತ್ತ ಗೋಡೆ ಕಟ್ಟಿದೆ. ಸಂಜೆಗೆ ತಲೆ ಸಿಡಿಯತೊಡಗಿತು, ಕುಡಿದ ನೀರೂ ನಿಲ್ಲಲಿಲ್ಲ. ಕತ್ತಲಲ್ಲೇ ಕೆಳಗಿನ ಕ್ಯಾಂಪ್ ನಿಮಾಲಿಂಗ್‌ಗೆ ಇಳಿಸಿದರು. ಐವತ್ತು ಸಾವಿರ ರೂಪಾಯಿಯ ಹತ್ತಿರ ಹೋಯಿತು. ಎರಡನೆಯ ಸಲ ನೀರು ಹತ್ತಿರವಿರಲಿ ಎಂದು ತೊರೆಯ ಪಕ್ಕದಲ್ಲೇ ಟೆಂಟ್ ಹಾಕಿದೆ. ಬಿಸಿಲಿಗೆ ಮೇಲಿನ ಹಿಮ ಕರಗಿ ಮಧ್ಯಾಹ್ನದ ಮೇಲೆ ತೊರೆ ಉಬ್ಬುತ್ತದೆ ಎಂಬುದು ಸ್ಲೀಪಿಂಗ್ ಬ್ಯಾಗ್ ನೆಂದ ಮೇಲೆ ತಿಳಿಯಿತು. ಊಟಕ್ಕೆ ನೂಡಲ್ಸ್ ಬಿಟ್ಟು ಬೇರೇನೂ ಇರಲಿಲ್ಲ. ಮೂರನೆಯ ದಿನ ಅದರ ವಾಸನೆಗೇ ಓಕರಿಕೆ. 5,800 ಮೀಟರ್ ಆಸುಪಾಸಿನಿಂದ ಕಾಲೆಳೆದುಕೊಂಡು ಹಿಂತಿರುಗಿದೆ.

ಆ ಚಳಿಗಾಲ ತುಮಕೂರಿನ ಮನೆಯಲ್ಲೇ ಪ್ರಯೋಗ ಶುರು ಮಾಡಿದೆ. ನಮ್ಮೂರಲ್ಲಿ ನೀರು ಕುದಿಯುವುದು 97 ಡಿಗ್ರಿಗೆ. ಬೇಸ್ ಕ್ಯಾಂಪ್ ಇರುವ ಐದು ಸಾವಿರ ಮೀಟರಿನ ಆಸುಪಾಸಿನಲ್ಲಿ 83ರ ಸುಮಾರಿಗೇ ಕುದಿದುಬಿಡುತ್ತದೆ. ಥರ್ಮಾಮೀಟರ್ ಇಟ್ಟು, ಎಸರನ್ನು 83 ದಾಟಗೊಡದೆ ಮುದ್ದೆ ತೊಳಸಿದೆ. ಮೊದಲ ನಾಲ್ಕು ಗಂಟಾಗಿ ನಾಯಿಗೆ ಹೋದವು. ಐದನೆಯದು ನುಣ್ಣಗೆ ಬಂತು. ಅಕ್ಕಿಕಾಳಿನ ಒಳಗೆ ನೀರಿಳಿಯಲು ಹೊತ್ತು ಬೇಕು, ಹಿಟ್ಟಿಗೆ ಆ ಕಾಟವಿಲ್ಲ. ಆದರೆ ಮುಚ್ಚಿಟ್ಟು ಉಮ್ಮಗಿಸುವ ಹೊತ್ತು ಮನೆಯ ಎರಡರಷ್ಟಾದರೂ ಇರಬೇಕು. ಹಿಟ್ಟನ್ನು ನಾನು ಮೊದಲೇ ಹುರಿದು ಒಯ್ಯುತ್ತೇನೆ; ಅದರ ಜೊತೆ ಏನು ಬೆರೆಸುತ್ತೇನೆ ಎಂಬುದನ್ನು ಮಾತ್ರ ಕೇಳಬೇಡಿ. ಸಾರಿಗೆ ಹುರುಳಿಕಾಳು ಬೇಡ, ಕುಕ್ಕರ್ ಇಲ್ಲದೆ ಎಷ್ಟು ಹೊತ್ತು ಇಟ್ಟರೂ ಸರಿಯಾಗಿ ಬೇಯುವುದಿಲ್ಲ. ಹುರಿದು ಪುಡಿ ಮಾಡಿದ್ದು ಸಾಕು.

ಮೂರನೆಯ ಸಲ ಕ್ಯಾಂಪ್ ತಲುಪಿ ಎರಡು ಗಂಟೆ ಸುಮ್ಮನೆ ಕುಳಿತು ಲೀಟರ್‌ಗಟ್ಟಲೆ ಬಿಸಿನೀರು ಕುಡಿದೆ. ತೊರೆಯಿಂದ ಐವತ್ತು ಹೆಜ್ಜೆ ಮೇಲೆ, ಬಂಡೆಯ ಮರೆಯಲ್ಲಿ, ನಿಧಾನವಾಗಿ ಟೆಂಟ್ ಎದ್ದಿತು. ಸಂಜೆ ಮುದ್ದೆ ಕೋಲು ತೆಗೆದಾಗ ನಮ್ಮ ಸಾಮಾನು ಹೊರಿಸಿ ತರುವ ಲಡಾಖಿ ಕುದುರೆಯವನು ನಗಲಿಲ್ಲ. “ಇದು ನಮ್ಮ ಪಾಬಾ” ಎಂದ. ಬಾರ್ಲಿ, ಬಟಾಣಿ ಹಿಟ್ಟನ್ನು ಅವರೂ ಕುದಿಯುವ ನೀರಿಗೆ ಹಾಕಿ ಹೀಗೆಯೇ ತೊಳಸಿ ಉಂಡೆ ಕಟ್ಟುತ್ತಾರಂತೆ. ಎರಡು ವರ್ಷ ಅವನ ಜೊತೆಯೇ ಹೋಗಿದ್ದೆ, ಒಮ್ಮೆಯೂ ಕೇಳಿರಲಿಲ್ಲ!

ಮರುದಿನ ಮುನ್ನೂರು ಮೀಟರ್ ಹತ್ತಿ ಇಳಿದೆ, ಅಷ್ಟೇ. ಬಂದ ಸಂಜೆ ಶೇಕಡಾ 78 ಇದ್ದ ರಕ್ತದ ಆಕ್ಸಿಜನ್ ಮೂರನೆಯ ಬೆಳಿಗ್ಗೆ 86 ತೋರಿಸಿದ ನೆನಪು. ಅದು ಮುದ್ದೆಯಿಂದಲ್ಲ, ವಿಶ್ರಾಂತಿಯಿಂದ. ಆದರೆ ಹೊಟ್ಟೆ ತುಂಬಿದವನಿಗೆ ನಿದ್ದೆ ಬಂದಿತ್ತು, ಅದು ಮುದ್ದೆಯದೇ.

ಹಾಲಿನ ಪುಡಿ ಕಲಸಿ ಮೊಸರಿಗೂ ಹೆಪ್ಪು ಹಾಕಿ ನೋಡಿದೆ. ಮೊದಲ ರಾತ್ರಿ ಮಂಜುಗಡ್ಡೆಯಾಯಿತು. ಎರಡನೆಯ ರಾತ್ರಿ ಡಬ್ಬಿಯನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಹೊಟ್ಟೆಗೆ ಅವಚಿಕೊಂಡು ಮಲಗಿದೆ. ಹೆಪ್ಪಾಯಿತು, ಅರ್ಧ ನನ್ನ ಮೇಲೂ ಚೆಲ್ಲಿತು.

ಆ ಸಲ 6,250 ಮೀಟರಿನ ತುದಿ ಮುಟ್ಟಿ ಬಂದೆ. ಇಳಿಯುವಾಗ ಉಳಿದ ಹಿಟ್ಟನ್ನು ಕುದುರೆಯವನಿಗೆ ಕೊಟ್ಟೆ. ಕೋಲನ್ನೂ ಕೇಳಿದ, ಕೊಡಲಿಲ್ಲ.