ಹಾವು ಕಡಿತದ ಬಗ್ಗೆ ಮಾತನಾಡುತ್ತಾ ನಾನು ಕಲಿತದ್ದು

ಹಾವು ಕಡಿತದ ಬಗ್ಗೆ ನಾನು ಮೊದಲ ಬಾರಿಗೆ ಊರಿನವರ ಮುಂದೆ ಮಾತನಾಡಿದ್ದು ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿಯಲ್ಲಿ, ಶೇಂಗಾ ಬಿತ್ತನೆ ಮುಗಿದ ದಿನಗಳಲ್ಲಿ. ತಾಲ್ಲೂಕು ಆಸ್ಪತ್ರೆಯೊಂದಕ್ಕೆ ವೈದ್ಯನಾಗಿ ಸೇರಿ ಆಗ ಎರಡು ವರ್ಷವಾಗಿತ್ತು. ಅದರ ಹಿಂದಿನ ತಿಂಗಳು ವೈದ್ಯಾಧಿಕಾರಿಗಳ ತರಬೇತಿಗೆಂದು ಸಿದ್ಧಪಡಿಸಿದ್ದ 42 ಸ್ಲೈಡುಗಳಲ್ಲಿ ಇಂಗ್ಲಿಷ್ ಪದಗಳನ್ನು ತೆಗೆದು ಕನ್ನಡ ಪದಗಳನ್ನು ಹಾಕಿದ್ದೆ. ಅಷ್ಟು ಮಾಡಿದರೆ ಹಳ್ಳಿಗೆ ಒಗ್ಗುತ್ತದೆ ಎಂಬುದು ನನ್ನ ನಂಬಿಕೆಯಾಗಿತ್ತು. ಸಂಜೆ ಏಳು ಗಂಟೆಗೆ ಸಮುದಾಯ ಭವನದ ಸುಣ್ಣದ ಗೋಡೆಯ ಮೇಲೆ ಚಿತ್ರಗಳು ಮೂಡತೊಡಗಿದವು. ನಾಲ್ಕು ವಿಷದ ಹಾವುಗಳು, ವಿಷದ ಘಟಕಗಳು, ರಕ್ತ ಹೆಪ್ಪುಗಟ್ಟುವ ಕ್ರಮ ಎಲ್ಲವೂ ಆದ ಮೇಲೆ ಕೊಳಕುಮಂಡಲ ಕಚ್ಚಿ ಕೊಳೆತ ಕಾಲಿನ ದೊಡ್ಡದೊಂದು ಫೋಟೊ ಬಂತು. ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡಿದ್ದ ತಾಯಂದಿರು ಒಬ್ಬೊಬ್ಬರಾಗಿ ಎದ್ದು ಹೊರಗೆ ಹೋದರು.

ಉಳಿದವರಿಗೆ ಮಾಡಬಾರದ ಕೆಲಸಗಳ ಪಟ್ಟಿಯನ್ನು ಓದಿ ಮುಗಿಸಿದಾಗ ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು ನಿಂತರು. “ಕಟ್ಟಬೇಡಿ ಅಂತೀರಿ, ಕುಯ್ಯಬೇಡಿ ಅಂತೀರಿ, ಚೀಪಬೇಡಿ ಅಂತೀರಿ. ಹಂಗಾದ್ರೆ ಗಾಡಿ ಬರೋ ತನಕ ನಾವು ಕೈ ಕಟ್ಕೊಂಡು ಕೂರೋದಾ ಸ್ವಾಮಿ?” ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾದ ಕಳವಳವಿತ್ತು. ನನ್ನ 42 ಸ್ಲೈಡುಗಳಲ್ಲಿ ಆ ಪ್ರಶ್ನೆಗೆ ಉತ್ತರವಿದ್ದದ್ದು ಒಂದೇ ಸಾಲಿನಲ್ಲಿ, ಅದೂ 37ನೆಯ ಸ್ಲೈಡಿನ ಕೊನೆಯಲ್ಲಿ. ಆ ರಾತ್ರಿ ಜೀಪಿನಲ್ಲಿ ಹಿಂತಿರುಗುವಾಗ ನನಗೆ ಸ್ಪಷ್ಟವಾಯಿತು: ಕೇಳುವವರು ಅಪಾಯದ ಗಳಿಗೆಯಲ್ಲಿ ತಮ್ಮ ಕೈಯಿಂದ ಏನು ಮಾಡಬಲ್ಲರೋ ಅಲ್ಲಿಂದಲೇ ಮಾತು ಶುರುವಾಗಬೇಕು, ಅದಕ್ಕೆ ನೆರವಾಗದ ವಿಷಯ ಎಷ್ಟೇ ಮುಖ್ಯವಾಗಿದ್ದರೂ ಆ ಸಭೆಯ ಮಟ್ಟಿಗೆ ಅದನ್ನು ಬಿಡಬೇಕು.

ಮುಂದಿನ ಹಳ್ಳಿಗೆ ಪ್ರೊಜೆಕ್ಟರ್ ಒಯ್ಯಲಿಲ್ಲ. ಒಂದು ಛತ್ರಿ, ಎರಡು ಟವೆಲ್, ಒಂದು ಚಾಪೆ, ಒಂದು ಸೊಳ್ಳೆ ಪರದೆ ಇಷ್ಟೇ ಚೀಲದಲ್ಲಿದ್ದವು. ಯುವಕನೊಬ್ಬನನ್ನು ಕರೆದು ಕಟ್ಟೆಯ ಮೇಲೆ ಮಲಗಿಸಿ, ಹಾವು ಕಚ್ಚಿದ್ದು ಅವನ ಬಲಗಾಲಿನ ಹಿಮ್ಮಡಿಯ ಹತ್ತಿರ ಎಂದು ಎಲ್ಲರಿಗೂ ಹೇಳಿದೆ. ಮೊದಲು ಕಾಲುಂಗುರ, ಉಂಗುರ, ಬಳೆ, ಉಡುದಾರಗಳನ್ನು ಬಿಚ್ಚಬೇಕು, ಏಕೆಂದರೆ ಬಾವು ಬಂದ ಮೇಲೆ ಅವೇ ಬಿಗಿಯುತ್ತವೆ. ಆಮೇಲೆ ಮಡಚಿದ ಛತ್ರಿಯನ್ನು ಕಾಲಿನ ಪಕ್ಕಕ್ಕೆ ಉದ್ದಕ್ಕೆ ಇಟ್ಟು, ಮೊಣಕಾಲಿನ ಮೇಲೊಂದು ಕೆಳಗೊಂದು ಟವೆಲ್ ಸುತ್ತಿ, ಬೆರಳು ತೂರುವಷ್ಟು ಸಡಿಲವಾಗಿ ಗಂಟು ಹಾಕಿದೆ. ಅಲ್ಲಿದ್ದ ಹೆಂಗಸೊಬ್ಬರನ್ನು ಕರೆದು ಆ ಗಂಟಿನೊಳಗೆ ಬೆರಳು ತೂರಿಸಿ ನೋಡುವಂತೆ ಕೇಳಿಕೊಂಡೆ. ಅವರು ತೂರಿಸಿ, ತಲೆಯಾಡಿಸಿ, “ಕೈ ಮುರಿದ್ರೆ ಕಟ್ಟೋ ಹಂಗೇ ಅಲ್ವಾ” ಎಂದರು. ಮುಂದಿನ ಎಲ್ಲ ಹಳ್ಳಿಗಳಲ್ಲಿ ನಾನು ಬಳಸಿದ್ದು ಅವರ ಆ ಮಾತನ್ನೇ. ಬಿಗಿಯಾಗಿ ಹಗ್ಗ ಕಟ್ಟಿದರೆ ರಕ್ತದ ಓಟ ನಿಂತು ಕಾಲೇ ಹಾಳಾಗುತ್ತದೆ ಎಂಬುದನ್ನು ಆಮೇಲೆ ಹೇಳಿದರೆ ಯಾರೂ ವಾದಿಸಲಿಲ್ಲ, ಏಕೆಂದರೆ ಆ ಹೊತ್ತಿಗೆ ಅವರ ಕೈಗೆ ಬೇರೊಂದು ಕೆಲಸ ಸಿಕ್ಕಿತ್ತು. ಯಾರಾದರೂ ಮೊದಲೇ ಕಟ್ಟಿದ್ದರೆ ದಾರಿಯಲ್ಲಿ ಬಿಚ್ಚಬೇಡಿ, ಆಸ್ಪತ್ರೆಯಲ್ಲಿ ನಾವೇ ನೋಡಿಕೊಂಡು ಬಿಚ್ಚುತ್ತೇವೆ ಎಂದೂ ಸೇರಿಸುತ್ತಿದ್ದೆ.

ಚಾಪೆ ಮತ್ತು ಪರದೆ ಕಟ್ಟುಹಾವಿಗಾಗಿ. ಅದು ಕಚ್ಚುವುದು ಹೆಚ್ಚಾಗಿ ರಾತ್ರಿ, ನೆಲದ ಮೇಲೆ ಮಲಗಿದವರಿಗೆ. ನೋವು ಕಡಿಮೆ, ಎಷ್ಟೋ ಸಲ ಗುರುತೂ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದವರ ಕಣ್ಣೆವೆ ಜೋತುಬಿದ್ದು, ನುಂಗಲು ಕಷ್ಟವಾಗಿ, ಕೊನೆಗೆ ಉಸಿರಾಟವೇ ಸೋಲುತ್ತದೆ. ಇದನ್ನು ಸ್ಲೈಡಿನಲ್ಲಿ ಹೇಳುವುದಕ್ಕೂ ಪರದೆಯ ಅಂಚನ್ನು ಚಾಪೆಯ ಅಡಿಗೆ ಸುತ್ತಲೂ ಸೇರಿಸಿ ತೋರಿಸುವುದಕ್ಕೂ ಬಹಳ ಅಂತರವಿದೆ. ಸೊಳ್ಳೆಗೆಂದು ಕಟ್ಟಿದ ಪರದೆ ಕಾಲ ಬಳಿ ತೆರೆದುಕೊಂಡಿದ್ದರೆ ಹಾವಿಗೆ ಅಷ್ಟೇ ದಾರಿ ಸಾಕು.

ಮಂತ್ರ ಹಾಕುವವರ ವಿಷಯದಲ್ಲಿ ನಾನು ಮೊದಲು ಮಾಡಿದ ತಪ್ಪು ಅವರನ್ನು ಸಭೆಯಲ್ಲಿ ಖಂಡಿಸಿದ್ದು. ವಿಷವಿಲ್ಲದ ಹಾವು ಕಚ್ಚಿದಾಗಲೂ, ವಿಷದ ಹಾವೇ ಕಚ್ಚಿ ವಿಷ ಬಿಡದಿದ್ದಾಗಲೂ ರೋಗಿ ತಾನಾಗಿಯೇ ಉಳಿಯುತ್ತಾನೆ. ಆ ಉಳಿವಿನ ಹೆಸರು ಮಂತ್ರಕ್ಕೆ ಸೇರುತ್ತದೆ. ಈ ಕಾರಣವನ್ನು ವೈದ್ಯರ ಮುಂದೆ ವಿವರಿಸಬಹುದು. ಆದರೆ ಊರಿನಲ್ಲಿ ಐವತ್ತು ವರ್ಷದಿಂದ ಗೌರವ ಪಡೆದವರನ್ನು ಅವರ ಜನರೆದುರು ಸಣ್ಣವರನ್ನಾಗಿ ಮಾಡಿದರೆ, ಇಡೀ ಊರು ನಮ್ಮ ಮಾತಿಗೆ ಕಿವಿ ಮುಚ್ಚಿಕೊಳ್ಳುತ್ತದೆ. ಈಗ ಸಭೆಗೆ ಮೊದಲು ಅವರ ಮನೆಗೇ ಹೋಗುತ್ತೇನೆ. “ನಿಮ್ಮ ಹತ್ತಿರ ಬಂದವರಿಗೆ ಗಾಡಿಯಲ್ಲಿ ಕೂತೇ ಮಂತ್ರ ಹಾಕಿ, ಆಸ್ಪತ್ರೆಗೆ ನೀವೇ ಕರೆದುಕೊಂಡು ಬನ್ನಿ” ಎಂದು ಕೇಳಿಕೊಳ್ಳುತ್ತೇನೆ. ಹಾಗೆ ರೋಗಿಯ ಜೊತೆಗೇ ಬಂದವರನ್ನು ನಾನು ಕಂಡಿದ್ದೇನೆ.

ಕೆಲವು ವರ್ಷಗಳ ನಂತರ ಚಿಕ್ಕಮಗಳೂರಿನ ಕಾಫಿ ಸೀಮೆಗೆ ವರ್ಗವಾದಾಗ, ಬಯಲುಸೀಮೆಯಲ್ಲಿ ಹದಗೊಳಿಸಿದ ಆ ಮಾತೂ ಅಲ್ಲಿಗೆ ಒಗ್ಗಲಿಲ್ಲ. ಬಯಲಿನ ಕಲ್ಲು ನೆಲದ ಗರಗಸಮಂಡಲವನ್ನು ಕುರಿತು ಅಷ್ಟು ಹೊತ್ತು ಹೇಳಿ ಮಲೆನಾಡಿನವರಿಗೆ ಆಗಬೇಕಾದ್ದೇನೂ ಇಲ್ಲ. ಅಲ್ಲಿನ ಕಾಫಿ ಗಿಡಗಳ ಬುಡದ ತರಗೆಲೆಯಲ್ಲಿ ಕಾಣುವುದು ಗೂನುಮೂಗಿನ ಗುಳಿಮಂಡಲ. ಗೇಣುದ್ದಕ್ಕಿಂತ ತುಸು ದೊಡ್ಡದಾದ, ಒಣ ಎಲೆಯ ಬಣ್ಣದ ಈ ಹಾವಿನ ವಿಷಕ್ಕೆ ನಮ್ಮ ದೇಶದಲ್ಲಿ ದೊರೆಯುವ ಪ್ರತಿವಿಷ ಕೆಲಸ ಮಾಡುವುದಿಲ್ಲ, ಏಕೆಂದರೆ ಆ ಔಷಧವನ್ನು ತಯಾರಿಸುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲ ಈ ನಾಲ್ಕರ ವಿಷದಿಂದ ಮಾತ್ರ. ಈ ಸಂಗತಿಯನ್ನು ಕಾರ್ಮಿಕರಿಗೆ ಹೇಳಬೇಕೆ ಎಂದು ಬಹಳ ಯೋಚಿಸಿದೆ. ಹೇಳಿದರೆ, ‘ಔಷಧಿಯೇ ಇಲ್ಲವಂತೆ’ ಎಂದು ಅವರು ಆಸ್ಪತ್ರೆಗೆ ಬರುವುದನ್ನೇ ಬಿಟ್ಟಾರು ಎಂಬ ಭಯವಿತ್ತು. ಕಚ್ಚಿದ್ದು ಯಾವ ಹಾವು ಎಂದು ತೀರ್ಮಾನಿಸುವುದು ಅವರ ಕೆಲಸವೂ ಅಲ್ಲ. ಹಾಗಾಗಿ ಅದನ್ನು ವೈದ್ಯರ ತರಬೇತಿಗೆ ಉಳಿಸಿಕೊಂಡು, ಕಾರ್ಮಿಕರಿಗೆ ಯಾವ ಹಾವು ಕಚ್ಚಿದರೂ ಬನ್ನಿ, ಹಾವನ್ನು ಹುಡುಕಿ ಹೊಡೆದು ತರಲು ಹೋಗಬೇಡಿ ಎಂದಷ್ಟೇ ಹೇಳುತ್ತೇನೆ.

ಎಸ್ಟೇಟಿನಲ್ಲಿ ಮಾತನಾಡಲು ಸಿಗುವ ಹೊತ್ತು ಬೆಳಗಿನ ಮಸ್ಟರ್. ರೈಟರ್ ಹಾಜರಿ ಕರೆದು ಕೆಲಸ ಹಂಚುವ ಮೊದಲಿನ ಹತ್ತು ನಿಮಿಷ ಮಾತ್ರ. ಎಲ್ಲರೂ ನಿಂತಿರುತ್ತಾರೆ, ಮಂಜು ಸುರಿಯುತ್ತಿರುತ್ತದೆ, ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದವರಿಗೆ ಕನ್ನಡ ಬಾರದು. ಅಲ್ಲಿ ನಾನು ವಾಕ್ಯಗಳನ್ನು ಕಡಿಮೆ ಮಾಡಿ, ಮಾಡಿ ತೋರಿಸುವುದನ್ನು ಹೆಚ್ಚಿಸಿದೆ. ಕೋಲಿನಿಂದ ತರಗೆಲೆಯನ್ನು ಸರಿಸಿ ಆಮೇಲೆ ಕೈ ಹಾಕುವುದು, ಗಮ್‌ಬೂಟನ್ನು ಬೋರಲು ಮಾಡಿ ಕೊಡವಿ ತೊಡುವುದು, ಕಚ್ಚಿಸಿಕೊಂಡವರು ನಡೆಯದಂತೆ ಇಬ್ಬರು ಎತ್ತಿಕೊಳ್ಳುವುದು. ಅವರಲ್ಲೇ ಹಿಂದಿ ಬಲ್ಲ ಒಬ್ಬರು ನನ್ನ ಪಕ್ಕ ನಿಂತು ತಮ್ಮ ಮಾತಿನಲ್ಲಿ ಹೇಳುತ್ತಿದ್ದರು. ಮೊಬೈಲ್ ಸಿಗ್ನಲ್ ಇಲ್ಲದ ತೋಟದಲ್ಲಿ ‘108ಕ್ಕೆ ಕರೆ ಮಾಡಿ’ ಎನ್ನುವುದು ಪೊಳ್ಳು ಮಾತಾಗುತ್ತದೆ. ಅದರ ಬದಲು ಇಂದು ರಾತ್ರಿ ಯಾರ ಜೀಪು ಯಾರ ಬಳಿ ಕೀಲಿಯೊಂದಿಗೆ ಇರುತ್ತದೆ ಎಂಬುದನ್ನು ರೈಟರ್ ಅವರಿಂದಲೇ ಎಲ್ಲರೆದುರು ಹೇಳಿಸುತ್ತೇನೆ. ನೇಪಾಳದ ತರಾಯಿ ಪ್ರದೇಶದಲ್ಲಿ ರೋಗಿಯನ್ನು ಬೈಕಿನಲ್ಲಿ ಸವಾರ ಮತ್ತು ಇನ್ನೊಬ್ಬರ ನಡುವೆ ಕೂರಿಸಿ ಒಯ್ದು ಜೀವ ಉಳಿಸಿದ ಸ್ವಯಂಸೇವಕರ ಸಂಗತಿಯನ್ನೂ ಹೇಳುತ್ತೇನೆ, ಏಕೆಂದರೆ ಕಾರ್ಮಿಕರು ವಾಸಿಸುವ ಎಷ್ಟೋ ಲೈನ್ ಮನೆಗಳ ಹತ್ತಿರ ಇರುವ ವಾಹನ ಬೈಕ್ ಒಂದೇ.

ವೈದ್ಯಾಧಿಕಾರಿಗಳ ತರಬೇತಿಯಲ್ಲಿ ಮಾತಿನ ಉದ್ದವನ್ನು ನಿರ್ಧರಿಸುವುದು ಒಂದು ಗಾಜಿನ ನಳಿಕೆ. ವಿಷದಿಂದ ರಕ್ತ ಹೆಪ್ಪುಗಟ್ಟುವ ಗುಣ ಕಳೆದಿದೆಯೇ ಎಂದು ತಿಳಿಯಲು 2 ಮಿ.ಲೀ. ರಕ್ತವನ್ನು ಶುದ್ಧವಾದ, ಒಣಗಿದ ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು, ಆಮೇಲೆ ವಾಲಿಸಿ ನೋಡಬೇಕು. ಸಭೆ ಶುರುವಾಗುವಾಗ ನರ್ಸ್ ಒಬ್ಬರಿಂದ ನನ್ನದೇ ರಕ್ತವನ್ನು ತೆಗೆಸಿ, ಒಂದು ಗಾಜಿನ ನಳಿಕೆಗೂ ಒಂದು ಪ್ಲಾಸ್ಟಿಕ್ ನಳಿಕೆಗೂ ಹಾಕಿಸಿ ಮೇಜಿನ ಮೇಲೆ ಇಡುತ್ತೇನೆ. ಮಾತು ಆ 20 ನಿಮಿಷಕ್ಕೆ ಸೀಮಿತ. ಪ್ರತಿವಿಷವನ್ನು ಮಗುವಿಗೂ ದೊಡ್ಡವರಿಗೂ ಒಂದೇ ಪ್ರಮಾಣದಲ್ಲಿ ಕೊಡಬೇಕು, ಏಕೆಂದರೆ ಹಾವು ಬಿಡುವ ವಿಷ ಮಗುವೆಂದು ಕಡಿಮೆಯಾಗುವುದಿಲ್ಲ. ಪ್ರತಿವಿಷಕ್ಕೆ ಅಲರ್ಜಿಯಾದರೆ ಕೊಡಲೆಂದು ಮೊದಲೇ ಅಡ್ರಿನಲಿನ್ ಅನ್ನು ಸಿರಿಂಜಿನಲ್ಲಿ ಸಿದ್ಧವಾಗಿಟ್ಟುಕೊಳ್ಳಬೇಕು. ಇವೆಲ್ಲ ಮುಗಿಯುವ ಹೊತ್ತಿಗೆ ನಳಿಕೆಗಳನ್ನು ವಾಲಿಸುತ್ತೇನೆ. ಗಾಜಿನಲ್ಲಿರುವುದು ಗಟ್ಟಿಯಾಗಿ ಅಂಟಿಕೊಂಡಿರುತ್ತದೆ, ಪ್ಲಾಸ್ಟಿಕ್ಕಿನದು ಇನ್ನೂ ಜಾರಬಹುದು. ಗಾಜಿನ ನಳಿಕೆಗಳಿಲ್ಲದೆ ಪ್ಲಾಸ್ಟಿಕ್ಕಿನಲ್ಲೇ ಪರೀಕ್ಷೆ ನಡೆಸುತ್ತಿದ್ದ ಆರೋಗ್ಯ ಕೇಂದ್ರಗಳ ವೈದ್ಯರು ಆಗ ಸುಮ್ಮನಾಗುವುದನ್ನು ನೋಡಿದ್ದೇನೆ. ನಾನು ಬೇರೇನೂ ವಿವರಿಸಬೇಕಾಗಿ ಬಂದಿಲ್ಲ.

ಅಧಿಕಾರಿಗಳ ಸಭೆ ಇದಕ್ಕೆಲ್ಲ ತೀರಾ ಭಿನ್ನ. ಹತ್ತು ನಿಮಿಷವೆಂದು ಹೇಳಿದ್ದು ಐದಕ್ಕೆ ಇಳಿಯುತ್ತದೆ. ಹಳ್ಳಿಯಲ್ಲಿ ಬಿಟ್ಟುಬಿಟ್ಟ ಅಂಕಿಗಳಿಗೆ ಅಲ್ಲಿ ಬೆಲೆಯಿದೆ: 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ದೇಶದಲ್ಲಿ ಸುಮಾರು 12 ಲಕ್ಷ ಜನ ಹಾವು ಕಡಿತದಿಂದ ಸತ್ತಿದ್ದಾರೆಂಬ ಅಂದಾಜು, 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ನಿರ್ಲಕ್ಷಿತ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು, 2024ರಲ್ಲಿ ಕರ್ನಾಟಕ ಸರ್ಕಾರ ಪ್ರತಿಯೊಂದು ಪ್ರಕರಣವನ್ನೂ ವರದಿ ಮಾಡಬೇಕೆಂದು ಅಧಿಸೂಚನೆ ಹೊರಡಿಸಿದ್ದು. ಒಂದು ಹಾಳೆಯಲ್ಲಿ ಇಷ್ಟನ್ನು ಬರೆದು, ಕೆಳಗೆ ಬೇಕಾದುದನ್ನು ಮಾತ್ರ ಕೇಳುತ್ತೇನೆ: ಪ್ರತಿ ಕೇಂದ್ರಕ್ಕೆ ಎಷ್ಟು ವಯಲ್ ಪ್ರತಿವಿಷ, ಎಷ್ಟು ಗಾಜಿನ ನಳಿಕೆ.

ತೋಟದ ಮಾಲೀಕರ ಮುಂದೆ ಮಾತನಾಡಲು ಕರೆ ಬಂದಾಗ ಛತ್ರಿಯನ್ನೂ ಅಂಕಿಗಳನ್ನೂ ಬಿಟ್ಟು, ಹಿಂದಿನ ವಾರ ಅನುಮತಿ ಪಡೆದು ತೆಗೆದಿದ್ದ ಒಂದೇ ಒಂದು ಫೋಟೊವನ್ನು ತೋರಿಸಿದೆ. ಲೈನ್ ಮನೆಯೊಂದರ ಕೋಣೆ, ಸಿಮೆಂಟಿನ ನೆಲ, ಗೋಡೆಯಿಂದ ಗೋಡೆಗೆ ಹಾಸಿದ ಆರು ಚಾಪೆ, ಬಾಗಿಲಿನ ಕೆಳಗೆ ನಾಲ್ಕು ಬೆರಳಿನಷ್ಟು ಸಂದು. ಕಟ್ಟುಹಾವು ಹೇಗೆ ಬರುತ್ತದೆ ಎಂದು ಹೇಳುವ ಮೊದಲೇ ಹಿಂದಿನ ಸಾಲಿನಿಂದ ಒಬ್ಬರು, ಆ ಸಂದು ಮುಚ್ಚಲು ಎಷ್ಟು ಅಗಲದ ಹಲಗೆ ಬೇಕು ಎಂದು ಕೇಳಿದರು. ಆ ಸಂಜೆಯ ಉಳಿದ ಮಾತೆಲ್ಲ ಹಲಗೆ, ಮಂಚ ಮತ್ತು ಸೊಳ್ಳೆ ಪರದೆಗಳ ಬೆಲೆಯ ಸುತ್ತಲೇ ನಡೆಯಿತು.